ಗ್ರಾಫಿಕ್ಸ್ ಕಾರ್ಡ್‌ಗೆ ಹೊಸ ಥರ್ಮಲ್ ಪೇಸ್ಟ್: ಬಿಚ್ಚಿ, ಒರೆಸಿ, ಹಚ್ಚಿ, ಮತ್ತೆ ಅಳೆಯುವವರೆಗೆ

ಹೊಸತರಲ್ಲಿ 68 °ಸೆ. ಆಸುಪಾಸಿನಲ್ಲಿ ನಿಲ್ಲುತ್ತಿದ್ದ ಚಿಪ್ ಈಗ ಅದೇ ಆಟಕ್ಕೆ 83 ಮುಟ್ಟುತ್ತದೆ. ಫ್ಯಾನ್‌ಗಳು ಜೋರಾಗಿ ಮೊರೆಯುತ್ತವೆ, ಕ್ಲಾಕ್ ವೇಗ ಇಳಿದು ಚಿತ್ರ ತಡವರಿಸುತ್ತದೆ. ಮೂರು ನಾಲ್ಕು ವರ್ಷ ದುಡಿದ ಗ್ರಾಫಿಕ್ಸ್ ಕಾರ್ಡ್‌ಗಳಲ್ಲಿ ಇದು ಸಾಮಾನ್ಯ, ಮತ್ತು ಚಿಪ್‌ಗೂ ಕೂಲರ್‌ಗೂ ನಡುವೆ ಹಚ್ಚಿರುವ ಪೇಸ್ಟ್ ಬದಲಿಸಿದರೆ ಬಹಳಷ್ಟು ಸಲ ಸರಿಹೋಗುತ್ತದೆ. ಆದರೆ ಬದಲಿಸಿದ ಮೇಲೆ ಮೊದಲಿಗಿಂತಲೂ ಹೆಚ್ಚು ಬಿಸಿಯಾಗುವ ಕಾರ್ಡ್‌ಗಳೂ ಇವೆ. ಅಲ್ಲಿ ತಪ್ಪು ಸಾಮಾನ್ಯವಾಗಿ ಪೇಸ್ಟ್‌ನದ್ದಾಗಿರುವುದಿಲ್ಲ. ಮೆಮೊರಿ ಚಿಪ್‌ಗಳ ಶಾಖವನ್ನು ಕೂಲರ್‌ಗೆ ದಾಟಿಸಲು ಅವುಗಳ ಮೇಲೆ ಕೂರಿಸಿದ ಮೆತ್ತನೆಯ ಪ್ಯಾಡ್ ಬೇಕಾದ್ದಕ್ಕಿಂತ ಅರ್ಧ ಮಿಲಿಮೀಟರ್ ಹೆಚ್ಚು ದಪ್ಪವಾಗಿರುತ್ತದೆ, ಅಷ್ಟೇ. ಹಾಗಾಗಿ ಈ ಬರಹದಲ್ಲಿ ಪೇಸ್ಟ್‌ಗೆ ಎಷ್ಟು ಜಾಗವಿದೆಯೋ ಪ್ಯಾಡ್‌ಗೂ ಅಷ್ಟೇ ಜಾಗವಿದೆ.

ಮೊದಲ ಸಲ ಮಾಡುವವರು ಎರಡು ಗಂಟೆ ಬಿಡುವು ಇಟ್ಟುಕೊಳ್ಳಿ. ಪ್ಯಾಡ್‌ಗಳನ್ನೂ ಬದಲಿಸುವುದಾದರೆ ಅರ್ಧ ದಿನ.

## ಪದರದ ಲೆಕ್ಕ

ಸಿಲಿಕಾನ್ ಡೈ (ಶಾಖ ಹುಟ್ಟುವ ಬರಿ ಚಿಪ್) ಮತ್ತು ಕೂಲರ್‌ನ ತಾಮ್ರದ ತಳ ಎರಡೂ ಕಣ್ಣಿಗೆ ನುಣುಪಾಗಿ ಕಾಣುತ್ತವೆ. ಒಂದರ ಮೇಲೊಂದು ಇಟ್ಟಾಗ ಮಾತ್ರ ನಡುವೆ ಸಣ್ಣ ಸಣ್ಣ ಸಂದುಗಳು ಉಳಿದು ಅಲ್ಲಿ ಗಾಳಿ ತುಂಬಿಕೊಳ್ಳುತ್ತದೆ. ಗಾಳಿಯ ಶಾಖವಾಹಕತೆ ಸುಮಾರು 0.026, ತಾಮ್ರದ್ದು ಸುಮಾರು 400, ಒಳ್ಳೆಯ ಪೇಸ್ಟ್‌ನದ್ದು 4ರಿಂದ 10ರ ಒಳಗೆ (ಮಾನ: ಮೀಟರ್-ಕೆಲ್ವಿನ್‌ಗೆ ಇಷ್ಟು ವ್ಯಾಟ್). ತಾಮ್ರದ ಎದುರು ಪೇಸ್ಟ್ ಬಹಳ ಕಳಪೆ ವಾಹಕ. ಗಾಳಿಯನ್ನು ಹೊರದಬ್ಬಿ ಆ ಜಾಗ ತುಂಬುವುದಷ್ಟೇ ಅದರ ಕೆಲಸ; ಅದಕ್ಕಿಂತ ಹೆಚ್ಚು ಉಳಿದರೆ ಅದೇ ತಡೆ.

ಒಂದು ಲೆಕ್ಕ ನೋಡಿ. 600 ಚದರ ಮಿ.ಮೀ. ಡೈ, 300 ವ್ಯಾಟ್ ಶಾಖ, ಶಾಖವಾಹಕತೆ 5 ಇರುವ ಪೇಸ್ಟ್. ಪದರದ ದಪ್ಪ 0.05 ಮಿ.ಮೀ. ಇದ್ದರೆ ಪೇಸ್ಟ್‌ನ ಎರಡು ಬದಿಗಳ ನಡುವೆ 5 ಡಿಗ್ರಿ ವ್ಯತ್ಯಾಸ. ಪೇಸ್ಟ್ ಬದಲಿಸಿ ಶಾಖವಾಹಕತೆಯನ್ನು 8ಕ್ಕೆ ಏರಿಸಿದರೆ ಆ ವ್ಯತ್ಯಾಸ ಸುಮಾರು 3 ಡಿಗ್ರಿಗೆ ಇಳಿಯುತ್ತದೆ, ಅಂದರೆ ಲಾಭ 2 ಡಿಗ್ರಿ. ಅದೇ ಪದರ 0.2 ಮಿ.ಮೀ. ಆದರೆ ಮೊದಲ ಪೇಸ್ಟ್‌ನಲ್ಲಿ ವ್ಯತ್ಯಾಸ 20 ಡಿಗ್ರಿ! ದುಬಾರಿ ಟ್ಯೂಬ್ ಕೊಡುವ ಎರಡು ಡಿಗ್ರಿಯನ್ನು ದಪ್ಪ ಪ್ಯಾಡ್ ಅಥವಾ ಓರೆಯಾಗಿ ಬಿಗಿದ ಸ್ಕ್ರೂ ನುಂಗಿ ಹಾಕುವುದು ಹೀಗೆ. ಮುಂದಿನ ಎಲ್ಲ ಹಂತಗಳ ಗುರಿಯೂ ಒಂದೇ: ತಾಮ್ರ ಡೈಯ ಮೇಲೆ ಸಮವಾಗಿ, ಆದಷ್ಟು ಹತ್ತಿರಕ್ಕೆ ಕೂರಬೇಕು.

ಪೇಸ್ಟ್ ಕೆಡುವುದು ಎರಡು ಬಗೆಯಲ್ಲಿ. ಒಂದು, ಒಳಗಿನ ಎಣ್ಣೆಯಂಶ ಆರಿ ಗಟ್ಟಿಯಾಗುವುದು. ಇನ್ನೊಂದು, ಗ್ರಾಫಿಕ್ಸ್ ಕಾರ್ಡ್‌ಗಳಲ್ಲಿ ಹೆಚ್ಚು ಕಾಣುವುದು, ಪಂಪ್ ಔಟ್. ಸಿಲಿಕಾನ್ ಮತ್ತು ತಾಮ್ರ ಬಿಸಿಗೆ ಒಂದೇ ಪ್ರಮಾಣದಲ್ಲಿ ಹಿಗ್ಗುವುದಿಲ್ಲ. ಕಾಯ್ದು ತಣಿಯುವ ಪ್ರತಿ ಸುತ್ತಿನಲ್ಲೂ ಎರಡೂ ಮೇಲ್ಮೈಗಳು ಸ್ವಲ್ಪ ಬಾಗಿ ಸ್ವಲ್ಪ ಜರುಗಿ ಪೇಸ್ಟ್ ಅನ್ನು ಅಂಚಿನ ಕಡೆಗೆ ತಳ್ಳುತ್ತವೆ. ಪ್ರೊಸೆಸರ್‌ಗೆ ಲೋಹದ ಮುಚ್ಚಳವಿರುತ್ತದೆ. ಗ್ರಾಫಿಕ್ಸ್ ಚಿಪ್‌ನ ಡೈ ಬರಿದಾಗಿರುತ್ತದೆ, ಚಿಕ್ಕ ಜಾಗದಲ್ಲಿ ಹೆಚ್ಚು ಬಿಸಿ ಹುಟ್ಟುತ್ತದೆ. ಪಂಪ್ ಔಟ್ ಇಲ್ಲಿ ಬೇಗ ಕಾಣಿಸಿಕೊಳ್ಳಲು ಇದೇ ಕಾರಣ.

## ಬಿಚ್ಚಲೇಬೇಕೇ? ಮೊದಲು ಅಳೆಯಿರಿ

ಕೇಸ್‌ನ ಬಾಗಿಲು ತೆಗೆದು ಕೂಲರ್‌ನ ರೆಕ್ಕೆಗಳ ನಡುವೆ ಟಾರ್ಚ್ ಹಾಯಿಸಿ. ಫ್ಯಾನ್‌ಗೂ ರೆಕ್ಕೆಗಳಿಗೂ ನಡುವೆ ಧೂಳು ಕಂಬಳಿಯಂತೆ ಹೆಪ್ಪುಗಟ್ಟಿದ್ದರೆ ಅದನ್ನು ತೆಗೆದ ಮೇಲೆ ಪೇಸ್ಟ್ ಬದಲಿಸುವ ಅಗತ್ಯವೇ ಬೀಳದಿರಬಹುದು. ಗಾಳಿ ಊದುವಾಗ ಫ್ಯಾನ್‌ನ ಎಲೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ. ಬಿಟ್ಟರೆ ಅದು ತನ್ನ ಮಿತಿ ಮೀರಿ ತಿರುಗಿ ಬೇರಿಂಗ್ ಹಾಳಾಗುತ್ತದೆ.

ಧೂಳು ತೆಗೆದ ಮೇಲೆ ಅಂಕಿಗಳನ್ನು ಬರೆದಿಡಿ. ಎಚ್‌ಡಬ್ಲ್ಯೂಇನ್ಫೋ ಅಥವಾ ಜಿಪಿಯು-ಜಡ್‌ನಂಥ ಉಷ್ಣಾಂಶ ತೋರಿಸುವ ತಂತ್ರಾಂಶ ತೆರೆಯಿರಿ. ಫ್ಯಾನ್ ವೇಗವನ್ನು ಒಂದೇ ಮಟ್ಟಕ್ಕೆ, 70 ಶೇಕಡಾ ಎಂದಿಟ್ಟುಕೊಳ್ಳಿ, ಕಟ್ಟಿಹಾಕಿ. ಸೂಪರ್‌ಪೊಸಿಷನ್‌ನಂಥ ಬೆಂಚ್‌ಮಾರ್ಕ್ (ಕಾರ್ಡ್ ಅನ್ನು ದುಡಿಸಿ ನೋಡುವ ತಂತ್ರಾಂಶ) ಅಥವಾ ಒಂದೇ ದೃಶ್ಯದಲ್ಲಿ ನಿಲ್ಲಿಸಿದ ಭಾರವಾದ ಆಟವನ್ನು 20 ನಿಮಿಷ ಓಡಿಸಿ. ಆಮೇಲೆ ಇವಿಷ್ಟು ಗುರುತು ಹಾಕಿಕೊಳ್ಳಿ: ಕೋಣೆಯ ಉಷ್ಣಾಂಶ, ಚಿಪ್‌ನ ಉಷ್ಣಾಂಶ, ಹಾಟ್‌ಸ್ಪಾಟ್ (ಚಿಪ್‌ನ ಅತಿ ಬಿಸಿಯಾದ ಜಾಗದ ಉಷ್ಣಾಂಶ), ಮೆಮೊರಿಯ ಉಷ್ಣಾಂಶ, ಬಳಸಿದ ವ್ಯಾಟ್. ಕೋಣೆಯ ಉಷ್ಣಾಂಶ ಬರೆಯದಿದ್ದರೆ ಉಳಿದ ಅಂಕಿಗಳಿಗೆ ಬೆಲೆಯಿಲ್ಲ. ಕೋಣೆ 5 ಡಿಗ್ರಿ ಏರಿದರೆ ಚಿಪ್ ಕೂಡ ಸರಿಸುಮಾರು ಅಷ್ಟೇ ಏರುತ್ತದೆ.

ಇವುಗಳಲ್ಲಿ ಹೆಚ್ಚು ಮಾತಾಡುವುದು ಚಿಪ್ ಮತ್ತು ಹಾಟ್‌ಸ್ಪಾಟ್ ನಡುವಿನ ಅಂತರ. 10ರಿಂದ 15 ಡಿಗ್ರಿ ಇದ್ದರೆ ಪೇಸ್ಟ್ ಆರೋಗ್ಯವಾಗಿದೆ. 20ರ ಹತ್ತಿರ ಇದ್ದರೆ ಕಣ್ಣಿಟ್ಟಿರಿ. 25 ದಾಟಿದ್ದರೆ ಡೈಯ ಯಾವುದೋ ಭಾಗದಲ್ಲಿ ಪೇಸ್ಟ್ ತೆಳುವಾಗಿದೆ ಅಥವಾ ಕೂಲರ್ ಓರೆ ಕೂತಿದೆ. ಎಎಮ್‌ಡಿ ಕಾರ್ಡ್‌ಗಳಲ್ಲಿ ಇದನ್ನೇ ಜಂಕ್ಷನ್ ಉಷ್ಣಾಂಶ ಎನ್ನುತ್ತಾರೆ. ಆರ್‌ಎಕ್ಸ್ 5700 ಸರಣಿಯಲ್ಲಿ ಅದರ ಮಿತಿ 110 °ಸೆ. ಎನ್ವಿಡಿಯಾದ ಆರ್‌ಟಿಎಕ್ಸ್ 50 ಸರಣಿಯಲ್ಲಿ ಹಾಟ್‌ಸ್ಪಾಟ್ ಅಂಕಿ ಈ ತಂತ್ರಾಂಶಗಳಿಗೆ ಸಿಗುವುದಿಲ್ಲ. ಅಲ್ಲಿ ಹಳೆಯ ಮತ್ತು ಹೊಸ ಉಷ್ಣಾಂಶಗಳ ಹೋಲಿಕೆಯೇ ಗತಿ. ಜಿಡಿಡಿಆರ್6ಎಕ್ಸ್ ಮೆಮೊರಿಯಿರುವ ಕಾರ್ಡ್‌ಗಳಲ್ಲಿ ಮೆಮೊರಿ 110 °ಸೆ. ತಲುಪಿದರೆ ವೇಗ ತಾನಾಗಿ ಇಳಿಯುತ್ತದೆ. ಚಿಪ್ 70ರಲ್ಲಿದ್ದು ಮೆಮೊರಿ 104ರಲ್ಲಿದ್ದರೆ ಬದಲಿಸಬೇಕಾದ್ದು ಪ್ಯಾಡ್, ಪೇಸ್ಟ್ ಅಲ್ಲ.

ಕಾರ್ಡ್ ಇನ್ನೂ ವಾರಂಟಿಯಲ್ಲಿದೆಯೇ? ಹಾಗಿದ್ದರೆ ಷರತ್ತುಗಳನ್ನು ಓದಿ. ಕೂಲರ್ ತೆಗೆದರೂ ವಾರಂಟಿ ಮುಂದುವರಿಸುವ ಕಂಪನಿಗಳಿವೆ, ಸ್ಕ್ರೂ ಮೇಲಿನ ಚೀಟಿ ಹರಿದರೆ ಒಪ್ಪದ ಕಂಪನಿಗಳೂ ಇವೆ. ಹೊಸ ಕಾರ್ಡ್‌ನಲ್ಲೇ ಹಾಟ್‌ಸ್ಪಾಟ್ ಅಂತರ 30 ಡಿಗ್ರಿ ಇದ್ದರೆ ನೀವು ಕೈ ಹಾಕಬೇಡಿ, ಕೊಟ್ಟವರಿಗೆ ಮರಳಿಸಿ.

## ಬೇಕಾದ ಸಾಮಾನು

ಫಿಲಿಪ್ಸ್ ಸ್ಕ್ರೂಡ್ರೈವರ್ ಎರಡು ಅಳತೆಯದ್ದು ಬೇಕು: ಪಿಎಚ್0 ಮತ್ತು ಪಿಎಚ್1. ಕೂಲರ್ ಹಿಡಿದಿರುವ ಸ್ಪ್ರಿಂಗ್ ಸ್ಕ್ರೂಗಳು ಗಟ್ಟಿಯಾಗಿ ಕೂತಿರುತ್ತವೆ. ಅಳತೆ ತಪ್ಪಿದ ತುದಿ ಹಾಕಿ ತಿರುಗಿಸಿದರೆ ಮೊದಲ ಸುತ್ತಿಗೇ ತಲೆ ಸವೆಯುತ್ತದೆ. ಎನ್ವಿಡಿಯಾದ ಕೆಲವು ಫೌಂಡರ್ಸ್ ಎಡಿಷನ್ ಕಾರ್ಡ್‌ಗಳಿಗೆ ಚಿಕ್ಕ ಟಾರ್ಕ್ಸ್ (ನಕ್ಷತ್ರಾಕಾರದ) ತುದಿಗಳು ಅಥವಾ 4 ಮಿ.ಮೀ. ಷಟ್ಕೋನದ ಸಾಕೆಟ್ ಬೇಕಾಗುತ್ತದೆ.

ಒರೆಸಲು 99 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲ್, 50 ಮಿ.ಲೀ. ಧಾರಾಳ. 70 ಶೇಕಡಾದ್ದರಲ್ಲಿ ಉಳಿದದ್ದು ನೀರು. ಒರೆಸಲು ಬಂದೀತು, ಆದರೆ ಒಣಗಲು ಬಹಳ ಹೊತ್ತು ಕಾಯಬೇಕು. ಅಸಿಟೋನ್ ಬೇಡ, ಅದು ಪ್ಲಾಸ್ಟಿಕ್ ಮತ್ತು ಲೇಪನಗಳನ್ನು ತಿನ್ನುತ್ತದೆ. ನೂಲು ಬಿಡದ ಬಟ್ಟೆ ಅಥವಾ ಕಾಫಿ ಸೋಸುವ ಕಾಗದ, ಕಿವಿಗೆ ಬಳಸುವ ಹತ್ತಿಕಡ್ಡಿ ಹತ್ತಿಪ್ಪತ್ತು, ಪ್ಲಾಸ್ಟಿಕ್ ಚಿಮಟ, ಮೆತ್ತನೆಯ ಬ್ರಷ್, ಡಿಜಿಟಲ್ ಕ್ಯಾಲಿಪರ್, ಸ್ಕ್ರೂಗಳನ್ನು ಬೇರೆ ಬೇರೆಯಾಗಿಡಲು ಸಣ್ಣ ಬಟ್ಟಲುಗಳು. ಕ್ಯಾಲಿಪರ್ ಅನಗತ್ಯ ಎಂದು ಬಿಟ್ಟವರೇ ಕೊನೆಗೆ ಪ್ಯಾಡ್ ದಪ್ಪವನ್ನು ಊಹಿಸಿ ಎರಡೆರಡು ಸಲ ಕೊಳ್ಳುವುದು.

ಪೇಸ್ಟ್ ಎಷ್ಟು? ಆರ್‌ಟಿಎಕ್ಸ್ 4090ರ ಡೈ ಸುಮಾರು 608 ಚದರ ಮಿ.ಮೀ. ಅದರ ಮೇಲೆ 0.15 ಮಿ.ಮೀ. ಪದರ ಹಚ್ಚಲು 0.09 ಮಿ.ಲೀ. ಬೇಕು. ಪೇಸ್ಟ್‌ನ ಸಾಂದ್ರತೆ ಘನ ಸೆಂ.ಮೀ.ಗೆ 2.5 ಗ್ರಾಂ ಎಂದು ಹಿಡಿದರೆ ಅದು ಕಾಲು ಗ್ರಾಂಗಿಂತ ಕಡಿಮೆ. ಜಿಟಿಎಕ್ಸ್ 1060ರ 200 ಚದರ ಮಿ.ಮೀ. ಡೈಗೆ 0.08 ಗ್ರಾಂ ಸಾಕು. ಪ್ರಯೋಗಕ್ಕೆ ಹಚ್ಚಿ ಒರೆಸುವ ಸುತ್ತುಗಳನ್ನೂ ಸೇರಿಸಿದರೆ 2 ಗ್ರಾಂನ ಟ್ಯೂಬ್ ಯಾವ ಕಾರ್ಡ್‌ಗೂ ಮಿಗುತ್ತದೆ.

## ಯಾವುದನ್ನು ಹಚ್ಚಬೇಕು

ಬರಿ ಡೈಗೆ ಮಂದವಾದ, ಅಂಟಂಟಾದ, ವಿದ್ಯುತ್ ಹರಿಸದ ಪೇಸ್ಟ್ ಒಳ್ಳೆಯದು. ಪ್ರೊಸೆಸರ್ ಹೋಲಿಕೆಗಳಲ್ಲಿ ಒಂದು ಡಿಗ್ರಿ ಮುಂದಿರುವ ನೀರುನೀರಾದ ಪೇಸ್ಟ್‌ಗಳು ಬರಿ ಡೈಯ ಮೇಲೆ ಕೆಲವೇ ತಿಂಗಳಲ್ಲಿ ಅಂಚಿಗೆ ಸರಿಯಬಹುದು. ಆರ್ಕ್ಟಿಕ್ ಎಮ್‌ಎಕ್ಸ್-6, ನಾಕ್ಟುವಾ ಎನ್‌ಟಿ-ಎಚ್2, ಜೆಲಿಡ್ ಜಿಸಿ-ಎಕ್ಸ್‌ಟ್ರೀಮ್, ಥರ್ಮಲ್‌ರೈಟ್ ಟಿಎಫ್‌ಎಕ್ಸ್ ಇವು ಜನ ಹೆಚ್ಚು ಬಳಸುವ ಹೆಸರುಗಳು. ಟಿಎಫ್‌ಎಕ್ಸ್ ಎಷ್ಟು ಮಂದವೆಂದರೆ ಚಳಿಯಲ್ಲಿ ಹರಡುವುದೇ ಕಷ್ಟ. ಟ್ಯೂಬನ್ನು ಐದು ನಿಮಿಷ ಬಿಸಿನೀರಿನ ಬಟ್ಟಲಿನಲ್ಲಿಟ್ಟು ತೆಗೆದರೆ ಮಾತು ಕೇಳುತ್ತದೆ.

ಪಂಪ್ ಔಟ್ ಪದೇ ಪದೇ ಕಾಡುವ ಕಾರ್ಡ್‌ಗೆ ನಮ್ಮ ಆಯ್ಕೆ ಪೇಸ್ಟ್ ಅಲ್ಲ, ಹನಿವೆಲ್‌ನ ಪಿಟಿಎಮ್7950. ಇದು ಕಾಲು ಮಿಲಿಮೀಟರ್‌ನಷ್ಟು ತೆಳುವಾದ ಹಾಳೆ. ಸುಮಾರು 45 °ಸೆ. ಮುಟ್ಟಿದಾಗ ಮೆತ್ತಗಾಗಿ ಸಂದುಗಳಿಗೆ ಹರಿಯುತ್ತದೆ, ತಣಿದಾಗ ಗಟ್ಟಿಯಾಗುತ್ತದೆ. ಹೊರಗೆ ಸರಿಯುವ ಗುಣ ಬಹಳ ಕಡಿಮೆ. ಹಚ್ಚುವ ವಿಧಾನ ಬೇರೆ, ಮುಂದೆ ಹೇಳಿದೆ.

ದ್ರವ ಲೋಹವನ್ನು ಮೊದಲ ಸಲದವರು ಮುಟ್ಟಬೇಡಿ. ಅದರಲ್ಲಿರುವ ಗ್ಯಾಲಿಯಂ ಅಲ್ಯುಮಿನಿಯಂ ತಳವನ್ನು ಪುಡಿಪುಡಿ ಮಾಡುತ್ತದೆ, ಬರಿ ತಾಮ್ರದೊಳಕ್ಕೆ ಮೆಲ್ಲಗೆ ಇಳಿದು ಒಣಗುತ್ತದೆ, ಒಂದು ಹನಿ ಡೈ ಸುತ್ತಲಿನ ಕ್ಯಾಪಾಸಿಟರ್ ಎಂಬ ಸಣ್ಣ ಬಿಡಿಭಾಗಗಳಿಗೆ ತಾಗಿದರೆ ಶಾರ್ಟ್ ಆಗುತ್ತದೆ. ಗ್ರಾಫೈಟ್ ಹಾಳೆಯೂ ವಿದ್ಯುತ್ ಹರಿಸುತ್ತದೆ ಎಂಬುದನ್ನು ಬಹಳ ಜನ ಮರೆಯುತ್ತಾರೆ.

## ಬಿಚ್ಚುವುದು

ಒಂದು ಹತ್ತು ನಿಮಿಷ ಆಟ ಓಡಿಸಿ ಕಾರ್ಡ್ ಅನ್ನು ಬೆಚ್ಚಗೆ ಮಾಡಿಕೊಳ್ಳಿ, ಪೇಸ್ಟ್ ಮೆದುವಾಗುತ್ತದೆ. ನಂತರ ಕಂಪ್ಯೂಟರ್ ಆರಿಸಿ, ಗೋಡೆಯ ಪ್ಲಗ್ ಕಿತ್ತು, ಪವರ್ ಬಟನ್ ಅನ್ನು ಕೆಲವು ಸೆಕೆಂಡ್ ಒತ್ತಿ ಹಿಡಿಯಿರಿ. ಉಳಿದ ವಿದ್ಯುತ್ ಖಾಲಿಯಾಗಲಿ. ಕೇಸ್‌ನ ಬಣ್ಣವಿಲ್ಲದ ಲೋಹದ ಭಾಗ ಮುಟ್ಟಿ ಮೈಯ ಸ್ಥಿರ ವಿದ್ಯುತ್ ಇಳಿಸಿಕೊಳ್ಳಿ. ಕಾರ್ಪೆಟ್ ಮೇಲೆ, ಉಣ್ಣೆಯ ಬಟ್ಟೆ ತೊಟ್ಟು ಈ ಕೆಲಸ ಬೇಡ.

ಪವರ್ ಕೇಬಲ್‌ಗಳನ್ನು ಕೊಂಡಿ ಒತ್ತಿ ತೆಗೆಯಿರಿ, ಹಿಂಬದಿಯ ಸ್ಕ್ರೂಗಳನ್ನು ಬಿಚ್ಚಿ, ಸ್ಲಾಟ್‌ನ ತುದಿಯ ಚಿಲಕ ಒತ್ತಿ ಹಿಡಿದು ಕಾರ್ಡ್ ಅನ್ನು ನೇರವಾಗಿ ಎಳೆಯಿರಿ. ಚಿಲಕ ಒತ್ತದೆ ಎಳೆದರೆ ಸ್ಲಾಟ್ ಮುರಿಯುತ್ತದೆ.

ಮೆತ್ತನೆಯ ಬಟ್ಟೆಯ ಮೇಲೆ ಫ್ಯಾನ್‌ಗಳು ಕೆಳಗಾಗುವಂತೆ ಕಾರ್ಡ್ ಇಡಿ. ಯಾವ ಸ್ಕ್ರೂ ಮುಟ್ಟುವ ಮೊದಲೂ ಹಿಂಬದಿಯ ಫೋಟೊ ತೆಗೆಯಿರಿ. ಚಿಪ್‌ನ ಹಿಂದೆ ಚೌಕಾಕಾರದಲ್ಲಿ ಕಾಣುವ ನಾಲ್ಕು ಸ್ಪ್ರಿಂಗ್ ಸ್ಕ್ರೂಗಳೇ ಕೂಲರನ್ನು ಡೈಗೆ ಒತ್ತಿ ಹಿಡಿದಿರುವುದು. ಇವನ್ನು ಬಿಚ್ಚುವಾಗಲೂ ಕರ್ಣದ ಕ್ರಮ: ಒಂದನ್ನು ಅರ್ಧ ಸುತ್ತು, ಆಮೇಲೆ ಎದುರು ಮೂಲೆಯದ್ದನ್ನು ಅರ್ಧ ಸುತ್ತು, ಹೀಗೆ. ಒಂದೇ ಬದಿಯನ್ನು ಪೂರ್ತಿ ಸಡಿಲಿಸಿದರೆ ಕೂಲರ್ ಓರೆಯಾಗಿ ಡೈಯ ಮೂಲೆಯ ಮೇಲೆ ಭಾರ ಬೀಳುತ್ತದೆ, ಮೂಲೆ ಚಕ್ಕೆಯೇಳಬಹುದು. ಉಳಿದ ಸ್ಕ್ರೂಗಳು ಬ್ಯಾಕ್‌ಪ್ಲೇಟ್‌ನವು (ಬೋರ್ಡ್‌ನ ಹಿಂಬದಿ ಮುಚ್ಚುವ ಫಲಕ), ಚಿಪ್‌ಗೆ ವಿದ್ಯುತ್ ಹೊಂದಿಸಿ ಕೊಡುವ ವಿಆರ್‌ಎಂ ಭಾಗದವು, ಕೆಲವದರಲ್ಲಿ ಹಿಂಬದಿಯ ಲೋಹದ ಪಟ್ಟಿಯವು. ಉದ್ದ ಬೇರೆ ಬೇರೆ ಇರುತ್ತದೆ, ಬಟ್ಟಲುಗಳೂ ಬೇರೆ ಬೇರೆ ಇರಲಿ. ಉದ್ದ ಸ್ಕ್ರೂ ಗಿಡ್ಡ ತೂತಿಗೆ ಹೋದರೆ ಕೊನೆಯಲ್ಲಿ ಬೋರ್ಡ್‌ಗೆ ಚುಚ್ಚುತ್ತದೆ.

ಎಲ್ಲ ಸ್ಕ್ರೂ ಬಂದ ಮೇಲೂ ಕೂಲರ್ ಅಂಟಿಕೊಂಡೇ ಇರುತ್ತದೆ. ಬೋರ್ಡ್‌ನ ಅಂಚು ಹಿಡಿದು ಕೂಲರನ್ನು ಗಡಿಯಾರದ ಮುಳ್ಳಿನಂತೆ ಎರಡು ಮೂರು ಡಿಗ್ರಿ ಅತ್ತಿತ್ತ ಹೊರಳಿಸಿ, ಅಂಟು ಬಿಡುತ್ತದೆ. ಬಿಡದಿದ್ದರೆ ಹೇರ್ ಡ್ರೈಯರ್‌ನಿಂದ ಕೂಲರಿಗೆ ಬಿಸಿ ಗಾಳಿ ಕೊಡಿ. ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ. ಬೋರ್ಡ್ ಮೇಲಿನ ಅಕ್ಕಿಕಾಳಿಗಿಂತ ಸಣ್ಣ ಬಿಡಿಭಾಗಗಳು ಎದ್ದುಹೋಗುವುದು ಬಹುತೇಕ ಇಂಥ ಮೀಟುವಿಕೆಯಲ್ಲೇ.

ಬಿಡುಗಡೆಯಾಯಿತೆಂದು ಒಮ್ಮೆಗೇ ಎತ್ತಲೂ ಬೇಡಿ. ಫ್ಯಾನ್ ಮತ್ತು ದೀಪದ ತಂತಿಗಳು ಇನ್ನೂ ಬೋರ್ಡ್‌ಗೆ ಸಿಕ್ಕಿಕೊಂಡಿರುತ್ತವೆ. ಪುಸ್ತಕದಂತೆ ಸ್ವಲ್ಪವೇ ತೆರೆದು, ಕನೆಕ್ಟರ್‌ನ ಪ್ಲಾಸ್ಟಿಕ್ ಕಿವಿಗಳನ್ನು ಚಿಮಟದಿಂದ ಹಿಡಿದು ಎಡಬಲ ಅಲ್ಲಾಡಿಸುತ್ತ ತೆಗೆಯಿರಿ. ತಂತಿ ಹಿಡಿದು ಜಗ್ಗಿದರೆ ತಂತಿ ಮಾತ್ರ ಕೈಗೆ ಬರುತ್ತದೆ. ಕೆಲವು ಕಾರ್ಡ್‌ಗಳಲ್ಲಿ ತಂತಿಯ ಬದಲು ತೆಳುವಾದ ರಿಬ್ಬನ್ ಇರುತ್ತದೆ, ಅಲ್ಲಿ ಮೊದಲು ಸಣ್ಣ ಚಿಲಕ ಎತ್ತಬೇಕು.

## ಒರೆಸುವ ಮೊದಲು ಗುರುತು ಓದಿ

ಹೆಚ್ಚಿನವರು ಇಲ್ಲಿ ತಕ್ಷಣ ಆಲ್ಕೊಹಾಲ್ ಕೈಗೆತ್ತಿಕೊಳ್ಳುತ್ತಾರೆ. ಎರಡು ನಿಮಿಷ ನಿಲ್ಲಿ. ಕಾರ್ಖಾನೆಯಲ್ಲಿ ಕೂಲರ್ ಹೇಗೆ ಕೂತಿತ್ತು ಎಂಬುದು ಪೂರ್ತಿ ಈಗ ಕಣ್ಣೆದುರಿದೆ, ಒರೆಸಿದರೆ ಅಳಿಸಿಹೋಗುತ್ತದೆ.

ಡೈಯ ನಡುವೆ ಪೇಸ್ಟ್ ಪಾರದರ್ಶಕವೆನ್ನುವಷ್ಟು ತೆಳುವಾಗಿ, ಅಂಚಿನಲ್ಲಿ ದಿಣ್ಣೆಯಾಗಿದ್ದರೆ ಅದು ಪಂಪ್ ಔಟ್. ಎಲ್ಲೆಡೆ ಒಣಗಿ ಸೀಮೆಸುಣ್ಣದಂತೆ ಉದುರುತ್ತಿದ್ದರೆ ವಯಸ್ಸಾಗಿದೆ. ಒಂದು ಮೂಲೆ ತೆಳು, ಎದುರು ಮೂಲೆ ದಪ್ಪ ಇದ್ದರೆ ಕೂಲರ್ ಓರೆ ಕೂತಿತ್ತು. ದಪ್ಪ ಇರುವ ಕಡೆಯ ಪ್ಯಾಡ್‌ಗಳನ್ನು ಗಮನಿಸಿ, ಅಲ್ಲೇ ಏನೋ ಎತ್ತಿ ಹಿಡಿದಿದೆ. ಪ್ಯಾಡ್‌ಗಳ ಮೇಲೂ ನೋಡಿ. ಮೆಮೊರಿ ಚಿಪ್‌ನ ಅಚ್ಚು ಚೌಕವಾಗಿ, ಆಳವಾಗಿ ಮೂಡಿದ್ದರೆ ಒತ್ತು ಚೆನ್ನಾಗಿದೆ. ಅಚ್ಚೇ ಇಲ್ಲದ ಪ್ಯಾಡ್ ಚಿಪ್ ಅನ್ನು ಮುಟ್ಟಿಯೇ ಇಲ್ಲ.

ಪ್ರತಿ ಪ್ಯಾಡ್‌ನ ಜಾಗ, ಉದ್ದ, ಅಗಲ, ದಪ್ಪ ಚಿತ್ರ ಬರೆದು ಗುರುತಿಸಿ, ಫೋಟೊ ತೆಗೆಯಿರಿ. ದಪ್ಪವನ್ನು ಒತ್ತು ಬೀಳದ ಅಂಚಿನಲ್ಲಿ ಅಳೆಯಬೇಕು. ಚಿಪ್ ಒತ್ತಿದ ಜಾಗದಲ್ಲಿ ಅಳೆದರೆ ಸಿಗುವುದು ಕುಗ್ಗಿದ ದಪ್ಪ.

## ಒರೆಸುವುದು

ಒಣಬಟ್ಟೆಯಿಂದ ಹೆಚ್ಚಿನ ಪೇಸ್ಟ್ ತೆಗೆದು, ಬಳಿಕ ಆಲ್ಕೊಹಾಲ್ ತೇವ ಮಾಡಿದ ಬಟ್ಟೆಯಿಂದ ಅಂಚಿನಿಂದ ನಡುವಿನತ್ತ ಒರೆಸಿ. ನಡುವಿನಿಂದ ಹೊರಗೆ ಒರೆಸಿದರೆ ಪೇಸ್ಟ್ ಸುತ್ತಲಿನ ಬಿಡಿಭಾಗಗಳ ನಡುವೆ ಸೇರಿಕೊಳ್ಳುತ್ತದೆ. ಗಟ್ಟಿಯಾದ ಪೇಸ್ಟ್ ಮೇಲೆ ಆಲ್ಕೊಹಾಲ್‌ನಲ್ಲಿ ನೆನೆಸಿದ ತುಂಡನ್ನು ಎರಡು ನಿಮಿಷ ಹಾಗೇ ಇಟ್ಟರೆ ಸಾಕು, ಕೆರೆಯುವ ಕಷ್ಟ ಬರುವುದಿಲ್ಲ. ಲೋಹದ ಚೂಪು ವಸ್ತು ಡೈಯ ಹತ್ತಿರವೂ ಬರಬಾರದು. ಸುತ್ತಲಿನ ಕ್ಯಾಪಾಸಿಟರ್‌ಗಳ ಸಂದಿನ ಹಳೆಯ ಪೇಸ್ಟ್ ವಿದ್ಯುತ್ ಹರಿಸದ ಬಗೆಯದಾದರೆ ಅಲ್ಲೇ ಇದ್ದರೂ ತೊಂದರೆಯಿಲ್ಲ. ಅದನ್ನು ಪೂರ್ತಿ ತೆಗೆಯುವ ಹಟದಲ್ಲಿ ಉಜ್ಜಿ ಉಜ್ಜಿ ಬಿಡಿಭಾಗ ಕೀಳುವುದು ನಷ್ಟದ ವ್ಯಾಪಾರ. ಕೊನೆಗೆ ಡೈ ಕನ್ನಡಿಯಂತೆ ಹೊಳೆಯಬೇಕು. ತಾಮ್ರದ ತಳಕ್ಕೂ ಇದೇ ಉಪಚಾರ. ಆಮೇಲೆ ಎರಡನ್ನೂ ಬೆರಳಿನಿಂದ ಮುಟ್ಟಬೇಡಿ.

ಕೂಲರ್ ಕೈಯಲ್ಲಿರುವಾಗಲೇ ರೆಕ್ಕೆಗಳ ಒಳಗಿನ ಧೂಳನ್ನೂ ಬ್ರಷ್‌ನಿಂದ ತೆಗೆದುಬಿಡಿ.

## ಪ್ಯಾಡ್: ಕೆಲಸ ಗೆಲ್ಲುವುದೂ ಸೋಲುವುದೂ ಇಲ್ಲಿಯೇ

ಹಳೆಯ ಪ್ಯಾಡ್ ಹರಿಯದೆ, ಮೆತ್ತಗೆ ಇದ್ದರೆ, ಮೆಮೊರಿಯ ಉಷ್ಣಾಂಶವೂ ಸರಿಯಿದ್ದರೆ ಅದನ್ನೇ ಅದೇ ಜಾಗದಲ್ಲಿ ಬಿಡಿ. ಹೊಸದು ಯಾವಾಗಲೂ ಉತ್ತಮ ಎನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ಹರಿದದ್ದು, ಎಣ್ಣೆ ಬಿಟ್ಟು ಗಟ್ಟಿಯಾಗಿ ಪುಡಿಯಾಗುವುದು ಇದ್ದರೆ ಮಾತ್ರ ಬದಲಿಸಿ.

ಅಂಗಡಿಯಲ್ಲಿ ಪ್ಯಾಡ್‌ಗಳು 0.5, 1.0, 1.5, 2.0, 2.5, 3.0 ಮಿ.ಮೀ. ದಪ್ಪದಲ್ಲಿ ಸಿಗುತ್ತವೆ. ಒಂದೇ ಕಾರ್ಡ್‌ನಲ್ಲಿ ಮೆಮೊರಿಗೊಂದು ದಪ್ಪ, ವಿಆರ್‌ಎಂಗೆ ಇನ್ನೊಂದು, ಬ್ಯಾಕ್‌ಪ್ಲೇಟ್‌ಗೆ ಮತ್ತೊಂದು ಇರುವುದು ಸಾಮಾನ್ಯ. ಆರ್‌ಟಿಎಕ್ಸ್ 3090ರಲ್ಲಿ 24 ಮೆಮೊರಿ ಚಿಪ್‌ಗಳಿದ್ದು ಅರ್ಧದಷ್ಟು ಬೋರ್ಡ್‌ನ ಹಿಂಬದಿಯಲ್ಲಿವೆ. ಅಲ್ಲಿ ಬ್ಯಾಕ್‌ಪ್ಲೇಟ್‌ನ ಪ್ಯಾಡ್ ಅಲಂಕಾರಕ್ಕಲ್ಲ, ಅದೇ ಜೀವಾಳ. ಒಂದೇ ಹೆಸರಿನ ಮಾದರಿಯ ಬೇರೆ ಬೇರೆ ಆವೃತ್ತಿಗಳಲ್ಲೂ ದಪ್ಪ ಬದಲಾಗುತ್ತದೆ, ಆದ್ದರಿಂದ ಬೇರೆಯವರು ಬರೆದ ಪಟ್ಟಿಯನ್ನು ನಂಬಿ ಕತ್ತರಿ ಹಾಕಬೇಡಿ.

ದಪ್ಪ ಖಚಿತವಾಗಿ ತಿಳಿಯಲು ಹೀಗೆ ಮಾಡಿ. ಎಲ್ಲ ಪ್ಯಾಡ್ ತೆಗೆದು, ಡೈಗೆ ಪೇಸ್ಟ್ ಹಚ್ಚಿ, ಒಂದೆರಡು ಮೆಮೊರಿ ಚಿಪ್‌ಗಳ ಮೇಲೆ ಮಕ್ಕಳು ಆಡುವ ಮೆತ್ತನೆಯ ಜೇಡಿಯ ಸಣ್ಣ ಉಂಡೆಯನ್ನು ತೆಳು ಪ್ಲಾಸ್ಟಿಕ್ ಹಾಳೆಗಳ ನಡುವೆ ಇಡಿ. ಕೂಲರ್ ಕೂರಿಸಿ ನಾಲ್ಕೂ ಸ್ಪ್ರಿಂಗ್ ಸ್ಕ್ರೂ ಪೂರ್ತಿ ಬಿಗಿದು ಮತ್ತೆ ಬಿಚ್ಚಿ. ಚಪ್ಪಟೆಯಾದ ಜೇಡಿಯ ದಪ್ಪವನ್ನು ಕ್ಯಾಲಿಪರ್‌ನಿಂದ ಅಳೆದರೆ ಅದೇ ನಿಜವಾದ ಸಂದು. ಸಂದು 1.2 ಮಿ.ಮೀ. ಇದ್ದರೆ 1.5ರ ಮೆತ್ತನೆಯ ಪ್ಯಾಡ್, 0.8 ಇದ್ದರೆ 1.0. ಪ್ಯಾಡ್ 10ರಿಂದ 30 ಶೇಕಡಾ ಕುಗ್ಗಿ ಕೂರಬೇಕು. ಅದಕ್ಕಿಂತ ದಪ್ಪದ್ದು ಹಾಕಿದರೆ ಕೂಲರ್ ಡೈಯಿಂದ ಮೇಲೇಳುತ್ತದೆ. ಮೊದಲ ಲೆಕ್ಕದ ಪ್ರಕಾರ 0.1 ಮಿ.ಮೀ. ಏರಿದರೂ ಹಾಟ್‌ಸ್ಪಾಟ್‌ಗೆ 10 ಡಿಗ್ರಿ ಸೇರುತ್ತದೆ.

ಪೊಟ್ಟಣದ ಮೇಲಿನ ಶಾಖವಾಹಕತೆಯ ಅಂಕಿಗಿಂತ ಮೆತ್ತನೆಯ ಗುಣಕ್ಕೆ ಹೆಚ್ಚು ಬೆಲೆ ಕೊಡಿ. ಒಂದು ಮೆಮೊರಿ ಚಿಪ್ 12×14 ಮಿ.ಮೀ., ಬಿಡುವ ಶಾಖ 3 ವ್ಯಾಟ್ ಎಂದುಕೊಂಡರೆ 1.5 ಮಿ.ಮೀ. ದಪ್ಪದ, ಶಾಖವಾಹಕತೆ 6 ಇರುವ ಪ್ಯಾಡ್‌ನಲ್ಲಿ ವ್ಯತ್ಯಾಸ 4.5 ಡಿಗ್ರಿ, 12ರ ಪ್ಯಾಡ್‌ನಲ್ಲಿ ಸುಮಾರು 2.2 ಡಿಗ್ರಿ. ಆ ಎರಡು ಡಿಗ್ರಿ ಚಿಲ್ಲರೆಗಾಗಿ ರಬ್ಬರಿನಂತೆ ಗಟ್ಟಿಯಾದ ಪ್ಯಾಡ್ ಹಾಕಿ ಡೈಯ ಒತ್ತು ಕಳೆದುಕೊಳ್ಳುವುದು ಜಾಣತನವಲ್ಲ. ಸಂದುಗಳು ಒಂದೊಂದು ಕಡೆ ಒಂದೊಂದು ತೆರನಾಗಿದ್ದರೆ ಥರ್ಮಲ್ ಪುಟ್ಟಿ ಎಂಬ ಕಣಕದಂಥ ವಸ್ತು ಸಿಗುತ್ತದೆ. ಉಂಡೆ ಕಟ್ಟಿ ಚಿಪ್ ಮೇಲಿಟ್ಟರೆ ಬೇಕಾದಷ್ಟೇ ಕುಗ್ಗಿ ಕೂರುತ್ತದೆ, ದಪ್ಪ ಊಹಿಸುವ ತಾಪತ್ರಯವೇ ಇಲ್ಲ. ಈಚೆಗೆ ನಾವು ಪ್ಯಾಡ್‌ಗಿಂತ ಇದನ್ನೇ ಮೊದಲು ಹೇಳುತ್ತೇವೆ.

ಪ್ಯಾಡ್‌ನ ಎರಡೂ ಬದಿಯಲ್ಲಿ ರಕ್ಷಣೆಯ ಹಾಳೆ ಇರುತ್ತದೆ. ಒಂದನ್ನು ತೆಗೆದು ಇನ್ನೊಂದನ್ನು ಮರೆಯುವುದು ತೀರ ಸಾಮಾನ್ಯ ತಪ್ಪು. ತೆಗೆದ ಹಾಳೆಗಳನ್ನು ಎಣಿಸಿ: ಹತ್ತು ಪ್ಯಾಡ್‌ಗೆ ಇಪ್ಪತ್ತು ಹಾಳೆ ಮೇಜಿನ ಮೇಲಿರಬೇಕು.

## ಪೇಸ್ಟ್ ಹಚ್ಚುವುದು

ಪ್ರೊಸೆಸರ್‌ಗೆ ನಡುವೆ ಒಂದು ಬಟಾಣಿ ಗಾತ್ರದ ಹನಿ ಸಾಕು ಎಂಬ ಮಾತು ಇಲ್ಲಿ ಸಲ್ಲದು. ಅಲ್ಲಿ ಲೋಹದ ಮುಚ್ಚಳ ಶಾಖವನ್ನು ಹರಡಿಕೊಡುತ್ತದೆ, ಮೂಲೆ ಬರಿದಿದ್ದರೂ ನಡೆಯುತ್ತದೆ. ಬರಿ ಡೈಯಲ್ಲಿ ಪೇಸ್ಟ್ ತಲುಪದ ಮೂಲೆಯ ಕೆಳಗೇ ಶಾಖ ಹುಟ್ಟುತ್ತಿರುತ್ತದೆ. ಆದ್ದರಿಂದ ನಾಲ್ಕು ಮೂಲೆಯೂ ಸೇರಿ ಡೈ ಪೂರ್ತಿ ಮುಚ್ಚುವಂತೆ ಪ್ಲಾಸ್ಟಿಕ್ ಪಟ್ಟಿಯಿಂದ ತೆಳುವಾಗಿ ಹರಡಿ, ಕೆಳಗಿನ ಹೊಳಪು ಕಾಣದಷ್ಟು. ಅದರ ನಡುವೆ ಸಾಸಿವೆಗಿಂತ ಸ್ವಲ್ಪ ದೊಡ್ಡ ಹನಿ ಇಟ್ಟರೆ ಕೂಲರ್ ಕೂರುವಾಗ ಗಾಳಿಗುಳ್ಳೆ ಹೊರಹೋಗುತ್ತದೆ. ಅಂಚಿನಿಂದ ಸ್ವಲ್ಪ ಹೊರಬಂದರೆ ಚಿಂತೆಯಿಲ್ಲ. ಕಡಿಮೆ ಹಚ್ಚಿದರೆ ಕಾರ್ಡ್‌ಗೆ ಅಪಾಯ, ಹೆಚ್ಚಾದರೆ ಒರೆಸುವ ಕೆಲಸವಷ್ಟೇ ಹೆಚ್ಚು.

ಎಎಮ್‌ಡಿ ವೇಗಾದಂಥ ಕಾರ್ಡ್‌ಗಳಲ್ಲಿ ಎಚ್‌ಬಿಎಂ ಎಂಬ ಬಗೆಯ ಮೆಮೊರಿ ಡೈಯ ಪಕ್ಕದಲ್ಲೇ ಇದ್ದು ಅದೇ ತಾಮ್ರದ ತಳವನ್ನು ಹಂಚಿಕೊಳ್ಳುತ್ತದೆ. ಅಲ್ಲಿ ಮೆಮೊರಿಯ ಮೇಲೂ ಪೇಸ್ಟ್ ಹಚ್ಚಬೇಕು. ಕೆಲವು ಆವೃತ್ತಿಗಳಲ್ಲಿ ಮೆಮೊರಿ ಡೈಗಿಂತ ತುಸು ತಗ್ಗಾಗಿರುವುದರಿಂದ ಅದರ ಮೇಲೆ ಸ್ವಲ್ಪ ಧಾರಾಳವಾಗಿ.

ಪಿಟಿಎಮ್7950 ಬಳಸುವವರು ಹಾಳೆಯನ್ನು ಕವರ್ ಸಮೇತ 10–15 ನಿಮಿಷ ಫ್ರೀಜರ್‌ನಲ್ಲಿಡಿ. ಬೆಚ್ಚಗಿದ್ದರೆ ಅದು ರಕ್ಷಣೆಯ ಹಾಳೆಗೇ ಅಂಟಿ ಹರಿಯುತ್ತದೆ. ಡೈಗಿಂತ ಎಲ್ಲ ಬದಿಯಲ್ಲೂ ಒಂದು ಮಿಲಿಮೀಟರ್ ಹೆಚ್ಚಿರುವಂತೆ ಕತ್ತರಿಸಿ, ಒಂದು ಬದಿಯ ಹಾಳೆ ತೆಗೆದು ಡೈ ಮೇಲೆ ಹಾಕಿ ನಿಧಾನವಾಗಿ ಒತ್ತಿ, ಮೇಲಿನ ಹಾಳೆಯನ್ನು ಮೂಲೆಯಿಂದ ಚಪ್ಪಟೆ ಕೋನದಲ್ಲಿ ಎಳೆಯಿರಿ. ಅಂಚಿನಲ್ಲಿ ಸಣ್ಣ ಚೂರು ಕಿತ್ತರೆ ಅದೇ ಚೂರನ್ನು ತೇಪೆ ಹಚ್ಚಬಹುದು, ಕರಗಿದಾಗ ಬೆರೆತುಹೋಗುತ್ತದೆ.

## ಕೂರಿಸಿ ಬಿಗಿಯುವುದು

ಮೊದಲು ತಂತಿಗಳು: ಫ್ಯಾನ್ ಮತ್ತು ದೀಪದ ಕನೆಕ್ಟರ್‌ಗಳನ್ನು ಸೇರಿಸಿ. ಬಳಿಕ ಬೋರ್ಡನ್ನು ಕೂಲರ್ ಮೇಲೆ ನೇರವಾಗಿ ಇಳಿಸಿ, ಜರುಗಿಸಬೇಡಿ. ನಾಲ್ಕು ಸ್ಪ್ರಿಂಗ್ ಸ್ಕ್ರೂಗಳನ್ನೂ ಎಳೆ ಹಿಡಿಯುವಷ್ಟು ಮಾತ್ರ ತಿರುಗಿಸಿ ಬಿಡಿ. ನಾಲ್ಕೂ ಹಿಡಿದ ಮೇಲೆ ಕರ್ಣದ ಕ್ರಮದಲ್ಲಿ ಸರದಿಗೆ ಅರ್ಧ ಸುತ್ತು. ಈ ಸ್ಕ್ರೂಗಳಿಗೆ ತಾವಾಗಿ ನಿಲ್ಲುವ ಮಟ್ಟವಿದೆ, ಒತ್ತಡ ನಿರ್ಧರಿಸುವುದು ಸ್ಪ್ರಿಂಗ್. ನಿಂತ ಮೇಲೂ ಬಲ ಹಾಕಿದರೆ ಬೋರ್ಡ್ ಬಾಗುತ್ತದೆ, ಎಳೆ ಹಾಳಾಗುತ್ತದೆ. ಬ್ಯಾಕ್‌ಪ್ಲೇಟ್‌ನ ಸ್ಕ್ರೂಗಳು ಕೊನೆಗೆ.

ಹೊಸ ದಪ್ಪದ ಪ್ಯಾಡ್ ಹಾಕಿದ್ದರೆ ಇಲ್ಲೇ ಒಮ್ಮೆ ಪೂರ್ತಿ ಬಿಚ್ಚಿ ನೋಡಲೇಬೇಕು. ಬೇಸರವೇ ಸರಿ, ಆದರೆ ಇದಕ್ಕೆ ಬದಲಿ ಇಲ್ಲ. ಡೈ ಮೇಲೆ ಪೇಸ್ಟ್ ತೆಳುವಾಗಿ ಸಮವಾಗಿ ಹರಡಿ ಹೆಚ್ಚಿನದು ಅಂಚಿಗೆ ಬಂದಿದ್ದರೆ, ಪ್ಯಾಡ್‌ಗಳಲ್ಲಿ ಅಚ್ಚು ಮೂಡಿದ್ದರೆ, ಗೆದ್ದಿರಿ. ಹಚ್ಚಿದ ಪೇಸ್ಟ್ ದಪ್ಪವಾಗಿ ಹಾಗೇ ಉಳಿದಿದ್ದರೆ ಪ್ಯಾಡ್ ದಪ್ಪವಾಯಿತು. ಪೇಸ್ಟ್ ಒರೆಸಿ, ಹೊಸದಾಗಿ ಹಚ್ಚಿ, ಮತ್ತೆ ಕೂರಿಸಿ.

## ಮತ್ತೆ ಅಳತೆ, ಮತ್ತು ಎಡವಟ್ಟುಗಳು

ಕಾರ್ಡ್ ಅನ್ನು ಸ್ಲಾಟ್‌ನಲ್ಲಿ ಕ್ಲಿಕ್ ಎನ್ನುವವರೆಗೆ ಒತ್ತಿ, ಪವರ್ ಕೇಬಲ್ ಪೂರ್ತಿ ಕೂರಿಸಿ. ಮೊದಲ ಐದು ನಿಮಿಷ ಉಷ್ಣಾಂಶದ ಅಂಕಿ ನೋಡುತ್ತಲೇ ಇರಿ. ಭಾರವಾದ ಆಟ ಶುರುಮಾಡಿದ ಕೆಲವೇ ಸೆಕೆಂಡಿನಲ್ಲಿ 90 ದಾಟಿದರೆ ತಕ್ಷಣ ಆರಿಸಿ. ತಾಮ್ರ ಡೈಯನ್ನು ಮುಟ್ಟಿಲ್ಲ, ಅಥವಾ ಹಾಳೆ ತೆಗೆಯುವುದು ಉಳಿದಿದೆ.

ಎಲ್ಲ ಸರಿಯಿದ್ದರೆ ಮೊದಲಿನ ಪರೀಕ್ಷೆಯನ್ನೇ, ಅದೇ ಫ್ಯಾನ್ ವೇಗದಲ್ಲಿ, 20 ನಿಮಿಷ ನಡೆಸಿ. ಕೋಣೆಯ ಉಷ್ಣಾಂಶ ಕಳೆದು ಹೋಲಿಸಿ. ಪಿಟಿಎಮ್7950 ಹಾಕಿದವರಿಗೆ ಮೊದಲ ಅಂಕಿ ನಿರಾಸೆ ತರಬಹುದು. ನಾಲ್ಕೈದು ಸಲ ಕಾಯ್ದು ತಣಿದ ಮೇಲೆ ಅದು ಪೂರ್ತಿ ಹರಡಿ ಉಷ್ಣಾಂಶ ಇಳಿಯುತ್ತದೆ.

ಫ್ಯಾನ್ ತಿರುಗುತ್ತಿಲ್ಲವೆಂದು ಗಾಬರಿಯಾಗುವ ಮೊದಲು ಭಾರವಾದ ಆಟ ಓಡಿಸಿ ನೋಡಿ: ಇಂದಿನ ಬಹಳಷ್ಟು ಕಾರ್ಡ್‌ಗಳಲ್ಲಿ ಚಿಪ್ 50–60 °ಸೆ. ತಲುಪುವವರೆಗೆ ಫ್ಯಾನ್ ನಿಂತೇ ಇರುತ್ತದೆ. ಆಗಲೂ ತಿರುಗದಿದ್ದರೆ ಕನೆಕ್ಟರ್ ಸೇರಿಲ್ಲ. ಟಿಕ್ ಟಿಕ್ ಸದ್ದು ಬಂದರೆ ತಂತಿಯೊಂದು ಎಲೆಗೆ ತಾಗುತ್ತಿದೆ. ಪರದೆ ಕಪ್ಪಾಗಿಯೇ ಉಳಿದರೆ ಬಹುಪಾಲು ಪವರ್ ಕೇಬಲ್ ಅಥವಾ ಸ್ಲಾಟ್‌ನಲ್ಲಿ ಅರ್ಧ ಕೂತ ಕಾರ್ಡ್ ಕಾರಣ. ತೆಗೆದು ಚಿನ್ನದ ಬಣ್ಣದ ಹಲ್ಲುಗಳನ್ನು ಆಲ್ಕೊಹಾಲ್‌ನಿಂದ ಒರೆಸಿ ಮತ್ತೆ ಹಾಕಿ. ಪರದೆಯಲ್ಲಿ ಬಣ್ಣಬಣ್ಣದ ಚೌಕಗಳು, ಗೆರೆಗಳು ಮೂಡಿದರೆ ಕೂಡಲೇ ಆರಿಸಿ, ಡೈಯ ಮೂಲೆಗಳನ್ನೂ ಸುತ್ತಲಿನ ಬಿಡಿಭಾಗಗಳನ್ನೂ ಭೂತಗನ್ನಡಿಯಲ್ಲಿ ನೋಡಿ. ಕಿತ್ತ ಬಿಡಿಭಾಗ ಸಿಕ್ಕರೆ ಜೋಪಾನವಾಗಿಟ್ಟುಕೊಂಡು ಬೆಸುಗೆ ಬಲ್ಲವರಿಗೆ ಕೊಡಿ, ಹಲವು ಸಲ ಸರಿಪಡಿಸಬಹುದು.

ಚಿಪ್ ತಣ್ಣಗಾಗಿ ಹಾಟ್‌ಸ್ಪಾಟ್ ಅಂತರ ಮಾತ್ರ 25ಕ್ಕಿಂತ ಹೆಚ್ಚೇ ಉಳಿದರೆ ಒತ್ತು ಓರೆ. ಸ್ಪ್ರಿಂಗ್ ಸ್ಕ್ರೂಗಳನ್ನು ಸಡಿಲಿಸಿ ಮತ್ತೆ ಕರ್ಣದಲ್ಲಿ ಬಿಗಿದು ನೋಡಿ, ಆಗದಿದ್ದರೆ ಪ್ಯಾಡ್‌ಗಳ ಕಡೆ ಮರಳಿ. ಚಿಪ್ ಇಳಿದು ಮೆಮೊರಿ ಏರಿದರೆ ಪ್ಯಾಡ್ ತೆಳುವಾಯಿತು ಅಥವಾ ಜರುಗಿತು.

ಅಂಕಿಗಳ ಚೀಟಿಯನ್ನು ಎಸೆಯಬೇಡಿ. ಒಂದು ತಿಂಗಳಾದ ಮೇಲೆ, ಮತ್ತೆ ಆರು ತಿಂಗಳಾದ ಮೇಲೆ ಅದೇ ಪರೀಕ್ಷೆ ಮಾಡಿ. ಅಂತರ 12ರಿಂದ 14ಕ್ಕೆ ಬಂದಿದ್ದರೆ ಪೇಸ್ಟ್ ನೆಲೆಯೂರಿದೆ. 12ರಿಂದ 22ಕ್ಕೆ ಏರಿದ್ದರೆ ನೀವು ಹಚ್ಚಿದ ಪೇಸ್ಟ್ ಆ ಡೈಗೆ ತೀರ ನೀರುನೀರು, ಮುಂದಿನ ಸಲ ಮಂದವಾದದ್ದನ್ನೋ ಪಿಟಿಎಮ್ ಹಾಳೆಯನ್ನೋ ಹಾಕಿ.